ಬಿಸಿಲೂರಿನಿಂದ ಗುಲ್ಮಾರ್ಗಕ್ಕೆ: ಆರು ಮಂದಿ, ಒಂದೇ ಗುಡ್ಡ

ಕಾಲಿಗೆ ಹಲಗೆ ಕಟ್ಟಿ ಹಿಮದ ಮೇಲೆ ಜಾರುವ ಸ್ಕೀ ಮಾಡಲು ಹೊರಡುವ ಮನೆಮಂದಿಯಲ್ಲಿ ಎಲ್ಲರೂ ಒಂದೇ ಮಟ್ಟದವರು ಇರುವುದು ಅಪರೂಪ. ಬರೆಯುವ ನನ್ನನ್ನು ಬಿಟ್ಟು, ಕಲಬುರಗಿಯಿಂದ ಹೊರಟ ಆರು ಮಂದಿಯಲ್ಲಿ ಅರವತ್ತೈದು ದಾಟಿದ ಮಾವ, ಅತ್ತೆ ಸ್ಕೀ ಕಟ್ಟುವವರೇ ಅಲ್ಲ. ತಮ್ಮ ಮತ್ತು ಅವನ ಹೆಂಡತಿ ಹಿಮವನ್ನೇ ಕಂಡವರಲ್ಲ. ಬೀದರಿನ ಇಬ್ಬರು ಗೆಳೆಯರು ಮೂರ್ನಾಲ್ಕು ಚಳಿಗಾಲ ಇಳಿಜಾರಿನಲ್ಲಿ ಕಳೆದವರು. ಇಂಥ ಗುಂಪಿಗೆ ಜಾಗ ಆರಿಸುವಾಗ ಮೊದಲು ನೋಡಬೇಕಾದ್ದು ಮಧ್ಯಾಹ್ನದ ಊಟ: ಆರೂ ಮಂದಿ ಒಂದು ಕಡೆ ಸೇರಿ ಉಣ್ಣಲು ಆಗುತ್ತದೋ ಇಲ್ಲವೋ. ಕಾಶ್ಮೀರದ ಗುಲ್ಮಾರ್ಗದಲ್ಲಿ ಅದು ಆಗುತ್ತದೆ. 2,650 ಮೀಟರ್ ಎತ್ತರದ ಬಯಲಿನಲ್ಲಿ ಹೊಸಬರ ಸಣ್ಣ ಇಳಿಜಾರುಗಳಿವೆ. ಗೊಂಡೋಲಾ ಎಂಬ ತಂತಿಯ ಮೇಲಿನ ತೂಗುಪೆಟ್ಟಿಗೆಯ ಮೊದಲ ಹಂತ ಏರಿದರೆ 3,080 ಮೀಟರ್ ಆಸುಪಾಸಿನ ಕೊಂಗ್‌ಡೋರಿ, ಎರಡನೇ ಹಂತ ಏರಿದರೆ 3,950 ಮೀಟರ್ ಆಸುಪಾಸಿನ ಅಫರ್ವತ್. ಸ್ಕೀ ಬಾರದವರೂ ಗೊಂಡೋಲಾದಲ್ಲಿ ಕೂತು ಕೊಂಗ್‌ಡೋರಿಗೆ ಹೋಗಿ ಅದರಲ್ಲೇ ಕೂತು ಇಳಿಯಬಹುದು. ಊಟದ ಜಾಗ ಅದೇ.

ಸಮಯದ ಲೆಕ್ಕ ಕಾಶ್ಮೀರಿಗಳ ಪಂಚಾಂಗದ ಪ್ರಕಾರ ಹಾಕಿದರೆ ತಪ್ಪುವುದಿಲ್ಲ. ಡಿಸೆಂಬರ್ 21ರಿಂದ ನಲವತ್ತು ದಿನ ಚಿಲ್ಲಾ-ಇ-ಕಲಾನ್ ಎಂಬ ಕಡು ಚಳಿ, ಆಮೇಲೆ ಇಪ್ಪತ್ತು ದಿನ ಚಿಲ್ಲಾ-ಇ-ಖುರ್ದ್, ಕೊನೆಗೆ ಹತ್ತು ದಿನ ಚಿಲ್ಲಾ-ಇ-ಬಚ್ಚಾ. ಡಿಸೆಂಬರಿನಲ್ಲಿ ಹಿಮ ಬೀಳುತ್ತದೆ, ಆದರೆ ಕಲ್ಲು, ಪೊದೆ ಮುಚ್ಚುವಷ್ಟು ದಪ್ಪ ಪದರ ಕೂರುವುದು ಸಾಮಾನ್ಯವಾಗಿ ಜನವರಿ ಕೊನೆಗೆ. ಫೆಬ್ರವರಿಯ ಮೊದಲ ವಾರ ಹಿಡಿದದ್ದು ಅದಕ್ಕೇ. ಏಳು ದಿನದ ಪ್ರವಾಸದಲ್ಲಿ ಒಂದು ದಿನವನ್ನು ಬೇಕೆಂದೇ ಖಾಲಿ ಬಿಟ್ಟಿತ್ತು. ಆ ಒಂದು ದಿನ ಎಷ್ಟು ಬೇಕಾಯಿತು ಎಂಬುದು ಮುಂದೆ ಬರುತ್ತದೆ.

ತಯಾರಿ ಆರು ವಾರ ಮೊದಲೇ ಶುರುವಾಗಬೇಕು. ಸ್ಕೀಯಲ್ಲಿ ಎಲ್ಲಕ್ಕಿಂತ ಮೊದಲು ಸೋಲುವುದು ತೊಡೆ. ಹದಿನೈದರಂತೆ ಮೂರು ಸುತ್ತು ಬಸ್ಕಿ, ಗೋಡೆಗೆ ಬೆನ್ನು ಹಚ್ಚಿ ಕುರ್ಚಿಯ ಹಾಗೆ 45 ಸೆಕೆಂಡು, ಸಂಜೆ ಕಲಬುರಗಿಯ ಅಪ್ಪನ ಕೆರೆಯ ಸುತ್ತ ಬಿರುಸಿನ ನಡಿಗೆ. ಇಷ್ಟು ಮಾಡಿದವರಿಗೆ ಎರಡನೇ ದಿನ ಮೆಟ್ಟಿಲು ಇಳಿಯುವಾಗ ಗೋಡೆ ಹಿಡಿಯುವ ಪ್ರಸಂಗ ಬರುವುದಿಲ್ಲ. ಬಟ್ಟೆಯಲ್ಲಿ ಹತ್ತಿ ಪೂರ್ತಿ ಬಿಡಬೇಕು. ಹತ್ತಿ ಬೆವರು ಹೀರುತ್ತದೆ, ಬಿಡುವುದಿಲ್ಲ. ಒದ್ದೆ ಬನಿಯನ್ ಮೈಗಂಟಿಕೊಂಡು, ನಿಂತ ಐದು ನಿಮಿಷದಲ್ಲಿ ನಡುಕ ಹುಟ್ಟಿಸುತ್ತದೆ. ಜೀನ್ಸ್ ಅಂತೂ ಎರಡು ಸಲ ಬಿದ್ದರೆ ಮೊಣಕಾಲಿನ ಕೆಳಗೆ ತಗಡಿನಂತೆ ಸೆಟೆಯುತ್ತದೆ. ಒಳಗೆ ಉಣ್ಣೆ ಅಥವಾ ಪಾಲಿಯೆಸ್ಟರ್ ಥರ್ಮಲ್, ನಡುವೆ ಬೆಚ್ಚನೆಯ ಫ್ಲೀಸ್ ಅಂಗಿ, ಹೊರಗೆ ಗಾಳಿ ಮತ್ತು ನೀರು ತಡೆಯುವ ಜಾಕೆಟ್, ಪ್ಯಾಂಟ್. ಕೈಗವಸು ಎರಡು ಜೊತೆ, ಒಂದು ಒಣಗುವಾಗ ಇನ್ನೊಂದು ಬೇಕು.

ಬುತ್ತಿಗೆ ಎಳ್ಳು ಹಚ್ಚಿದ ಸಜ್ಜಿ ಕಟಕ ರೊಟ್ಟಿ, ಶೇಂಗಾ ಹಿಂಡಿ, ಗುರೆಳ್ಳು ಹಿಂಡಿ. ಎಳ್ಳಮಾಸಿಗೆ ತಟ್ಟುವಂಥ ಒಣ ರೊಟ್ಟಿ ಚಳಿಯಲ್ಲಿ ಕೆಡುವ ಮಾತೇ ಇಲ್ಲ.

ಮೊದಲ ದಿನ: ಕಲಬುರಗಿ–ಶ್ರೀನಗರ

ಹುಮನಾಬಾದ್, ಜಹೀರಾಬಾದ್ ದಾಟಿ ರಾತ್ರೋರಾತ್ರಿ ಹೈದರಾಬಾದ್, ಅಲ್ಲಿಂದ ದೆಹಲಿ ಮೇಲೆ ಶ್ರೀನಗರ. ವಿಮಾನ ಬೇಡವೆನ್ನುವವರಿಗೆ ಕರ್ನಾಟಕ ಎಕ್ಸ್‌ಪ್ರೆಸ್ ಕಲಬುರಗಿಯಿಂದ ದೆಹಲಿಗೆ ಮುಟ್ಟಿಸುತ್ತದೆ. 2025ರ ಜೂನ್‌ನಿಂದ ಕಟ್ರಾದಿಂದ ಚೆನಾಬ್ ಸೇತುವೆಯ ಮೇಲೆ ಶ್ರೀನಗರದವರೆಗೂ ರೈಲು ಇದೆ.

ಶ್ರೀನಗರದಲ್ಲಿ ಇಳಿದ ಕೂಡಲೇ ತಮ್ಮನ ಫೋನು ಸತ್ತಿತು. ಹೊರ ರಾಜ್ಯದ ಪ್ರೀಪೇಯ್ಡ್ ಸಿಮ್ ಜಮ್ಮು–ಕಾಶ್ಮೀರದಲ್ಲಿ ನಡೆಯುವುದಿಲ್ಲ, ಪೋಸ್ಟ್‌ಪೇಯ್ಡ್ ಮಾತ್ರ. ಗುಂಪಿನಲ್ಲಿ ಕನಿಷ್ಠ ಎರಡು ಪೋಸ್ಟ್‌ಪೇಯ್ಡ್ ಇರಲಿ. ಇಳಿಜಾರಿನಲ್ಲಿ ಬೇರೆಯಾದಾಗ ಮೇಲಿನವರಿಗೊಂದು, ಕೆಳಗಿನವರಿಗೊಂದು.

ಕಲಬುರಗಿ ಇರುವುದು 450 ಮೀಟರ್ ಆಸುಪಾಸಿನಲ್ಲಿ, ಶ್ರೀನಗರ 1,585ರಲ್ಲಿ. ಅದೇ ದಿನ ಗುಲ್ಮಾರ್ಗಕ್ಕೆ ಏರದೆ ಒಂದು ರಾತ್ರಿ ಕೆಳಗೆ ಕಳೆದರೆ ಹಿರಿಯರಿಗೆ ತಲೆನೋವು, ಓಕರಿಕೆ ಕಾಡುವುದು ಕಡಿಮೆ. ದಾಲ್ ಸರೋವರದ ದಂಡೆಗೆ ಗಾಜಿನ ಹಾಗೆ ತೆಳು ಮಂಜುಗಡ್ಡೆ ಕಟ್ಟಿತ್ತು. ಕೇಸರಿ, ದಾಲ್ಚಿನ್ನಿ, ಏಲಕ್ಕಿ ಹಾಕಿ ಮೇಲೆ ಬಾದಾಮಿ ಚೂರು ಉದುರಿಸಿದ ಕಹ್ವಾ ಎರಡೆರಡು ಲೋಟ ಇಳಿಯಿತು. ಚಳಿಯಲ್ಲಿ ಬಾಯಾರಿಕೆ ಗೊತ್ತಾಗುವುದಿಲ್ಲ, ಆದರೆ ಒಣ ಗಾಳಿ ಮೈಯ ನೀರು ಎಳೆಯುತ್ತಲೇ ಇರುತ್ತದೆ. ದಿನಕ್ಕೆ ಮೂರು ಲೀಟರ್ ಲೆಕ್ಕ ಇಟ್ಟು ಕುಡಿಯಬೇಕು.

ಎರಡನೇ ದಿನ: ತಂಗ್‌ಮಾರ್ಗ್ ದಾರಿ, ಬೂಟಿನ ಅಂಗಡಿ

ನಾರ್ಬಲ್, ಮಾಗಾಮ್ ಮೇಲೆ ಹೋಗುವ ರಸ್ತೆಯ ಎರಡೂ ಬದಿಗೆ ಎಲೆ ಉದುರಿದ ಪಾಪ್ಲರ್ ಮರಗಳು, ತಗಡಿನ ಚಾವಣಿಗಳಿಂದ ಇಳಿಬಿದ್ದ ಮಂಜಿನ ಕೋಲುಗಳು. ತಂಗ್‌ಮಾರ್ಗ್‌ನಲ್ಲಿ ಸಾದಾ ಕಾರು ನಿಲ್ಲುತ್ತದೆ. ಅಲ್ಲಿಂದ ಮೇಲಿನ 13 ಕಿಲೋಮೀಟರ್ ತಿರುವು ರಸ್ತೆಗೆ, ಹಿಮ ಬಿದ್ದಾಗ, ಚಕ್ರಕ್ಕೆ ಚೈನು ಕಟ್ಟಿದ ಗಾಡಿ ಅಥವಾ ನಾಲ್ಕೂ ಚಕ್ರ ಎಳೆಯುವ ಗಾಡಿ ಬೇಕು. ಗಮ್‌ಬೂಟು, ಉದ್ದ ಕೋಟು ಬಾಡಿಗೆಗೆ ಕೊಡುವವರು ಸುತ್ತುವರಿಯುತ್ತಾರೆ. ಸ್ಕೀ ಮಾಡದ ಮಾವ, ಅತ್ತೆಗೆ ಗಮ್‌ಬೂಟು ಒಳ್ಳೆಯದೇ. ಉಳಿದವರಿಗೆ ಮೇಲೆ ಸ್ಕೀ ಬೂಟು ಸಿಗುವುದರಿಂದ ಇಲ್ಲಿ ದುಡ್ಡು ಹಾಕಬೇಕಿಲ್ಲ.

ಚೈನಿನ ಗಾಡಿಯ ಚಾಲಕ ನಡುವಯಸ್ಸಿನವನು, ಫೆರನ್ ಎಂಬ ಉದ್ದ ಅಂಗಿಯ ಒಳಗೆ ಕಾಂಗ್ಡಿ ಎಂಬ ಕೆಂಡದ ಮಡಕೆ ಇಟ್ಟುಕೊಂಡು ಕೂತಿದ್ದ. ಎರಡು ತಿರುವು ದಾಟಿದ್ದೇ ಬಲ ಚಕ್ರದ ಚೈನು ಪಟಪಟನೆ ತಗಡಿಗೆ ಬಡಿಯತೊಡಗಿತು. ಇಳಿದು ಕೊಂಡಿ ಬಿಚ್ಚಿ, ಸಡಿಲು ಎಳೆದು, ಎರಡು ಕಣ್ಣಿ ಮುಂದಕ್ಕೆ ಸಿಕ್ಕಿಸಿದ. ಚೈನು ಕಟ್ಟಿದ ಮೇಲೆ ಕೆಲವು ನೂರು ಮೀಟರ್ ಓಡಿದಾಗ ಅದು ಟೈರಿನ ಮೇಲೆ ಕೂತು ಸಡಿಲಾಗುತ್ತದೆ. ಆಗ ನಿಲ್ಲಿಸಿ ಮತ್ತೊಮ್ಮೆ ಬಿಗಿಯದಿದ್ದರೆ ಹರಿದು ಬ್ರೇಕಿನ ಪೈಪಿಗೆ ಹೊಡೆಯಬಹುದು. ಕೆಲಸ ಮುಗಿಸಿ ಬಂದವನು ಊರು ಯಾವುದೆಂದು ಕೇಳಿದ. "ಗುಲ್ಬರ್ಗಾ" ಎಂದರು ಮಾವ. "ಖ್ವಾಜಾ ಬಂದೇನವಾಜರ ಗುಲ್ಬರ್ಗಾನಾ ಚಾಚಾ?" ಎಂದವನು ಎದೆಗೆ ಕೈ ಇಟ್ಟುಕೊಂಡ. ಆಮೇಲೆ ಗುಲ್ಮಾರ್ಗದ ತನಕ ಅವನ ಉರ್ದು, ನಮ್ಮ ದಖನಿ ಎರಡೂ ಸಲೀಸಾಗಿ ಕೂಡಿಕೊಂಡವು. ವಾಪಸ್ ಬರುವ ದಿನಕ್ಕೂ ಅವನನ್ನೇ ಗೊತ್ತು ಮಾಡಿತ್ತು.

ಮಧ್ಯಾಹ್ನ ಸ್ಕೀ ಮಾಡುವ ಆತುರ ಬೇಡ. ಆ ಹೊತ್ತನ್ನು ಸಾಮಾನು ಆರಿಸಲು ಇಡಬೇಕು, ಏಕೆಂದರೆ ಬೆಳಗ್ಗೆ ಬಾಡಿಗೆ ಅಂಗಡಿಯಲ್ಲಿ ಗದ್ದಲ, ನೋಡಿ ಕೊಡುವ ವ್ಯವಧಾನ ಯಾರಿಗೂ ಇರುವುದಿಲ್ಲ. ಬೂಟೇ ಎಲ್ಲಕ್ಕೂ ಮೂಲ. ಸ್ಕೀ ಬೂಟಿನ ನಂಬರು ಪಾದದ ಉದ್ದದ ಸೆಂಟಿಮೀಟರು: ಹಿಮ್ಮಡಿಯಿಂದ ಹೆಬ್ಬೆರಳಿಗೆ 26.5 ಸೆಂ.ಮೀ. ಇದ್ದರೆ ಬೂಟೂ 26.5. ಒಂದೇ ಕಾಲುಚೀಲ, ಅದೂ ಮೊಣಕಾಲಿನ ಹತ್ತಿರದವರೆಗಿನದು, ಸುಕ್ಕಿಲ್ಲದೆ. ಥರ್ಮಲ್ ಪ್ಯಾಂಟಿನ ಅಂಚನ್ನು ಬೂಟಿನೊಳಗೆ ತುರುಕಬಾರದು, ಆ ಮಡಿಕೆ ಮೊಣಕಾಲ ಕೆಳಗಿನ ಎಲುಬನ್ನು ಒತ್ತಿ ಗಾಯ ಮಾಡುತ್ತದೆ. ಹಿಮ್ಮಡಿಯನ್ನು ನೆಲಕ್ಕೆ ಕುಟ್ಟಿ ಹಿಂದಕ್ಕೆ ಕೂರಿಸಿ, ಪಾದದ ಮೇಲ್ಭಾಗದ ಬಕಲ್ ಮೊದಲು, ಆಮೇಲೆ ಮೇಲಿನವು, ಬೆರಳಿನ ಹತ್ತಿರದವು ಕೊನೆಗೆ ಮತ್ತು ಹಗುರಾಗಿ. ನೆಟ್ಟಗೆ ನಿಂತರೆ ಬೆರಳು ಮುಂದೆ ತಾಗಬೇಕು, ಮೊಣಕಾಲು ಬಗ್ಗಿಸಿದರೆ ಹಿಂದೆ ಸರಿಯಬೇಕು, ಹಿಮ್ಮಡಿ ಮೇಲೆ ಏಳಬಾರದು. ಈ ಮೂರು ಸರಿಯಿದ್ದರೆ ಬೂಟು ನಿಮ್ಮದು.

ತಮ್ಮ ಚಳಿಗೆ ಹೆದರಿ ಎರಡು ಜೊತೆ ಕಾಲುಚೀಲ ಹಾಕಿಕೊಂಡು 27.5 ತೆಗೆದುಕೊಂಡ. ಎಷ್ಟು ಹೇಳಿದರೂ "ಇರ್ಲಿ ಅಣ್ಣಾ, ಬೆಚ್ಚಗದಾವ" ಎಂದ. ಎರಡು ಚೀಲ ರಕ್ತದ ಓಡಾಟ ತಡೆದು ಕಾಲನ್ನು ಇನ್ನಷ್ಟು ತಣ್ಣಗೆ ಮಾಡುತ್ತವೆ ಎಂಬುದು ಮಾತಿನಿಂದ ತಿಳಿಯುವುದಲ್ಲ.

ಹಲಗೆ ಹೊಸಬರಿಗೆ ಗದ್ದದಿಂದ ಮೂಗಿನ ನಡುವಿನ ಎತ್ತರ ಸಾಕು. ಅಂಚಿನ ಉಕ್ಕನ್ನು ಉಗುರಿನಿಂದ ಗೀರಿ ನೋಡಬೇಕು. ಉಗುರಿನ ಪುಡಿ ಬಂದರೆ ಚೂಪಿದೆ, ಜಾರಿದರೆ ಬೇರೆ ಕೇಳಿ. ಕೋಲನ್ನು ತಲೆಕೆಳಗೆ ಹಿಡಿದು, ಅದರ ತುದಿಯ ಬಳಿ ಇರುವ ಬಟ್ಟಲಿನಂಥ ಬಿಲ್ಲೆಯ ಕೆಳಗೆ ಮುಷ್ಟಿ ಕಟ್ಟಿದಾಗ ಮೊಣಕೈ ಸರಿಯಾಗಿ ಮೂಲೆಕಟ್ಟಿನಂತೆ ಮಡಿಯಬೇಕು.

ಮೂರನೇ ದಿನ: ಸಣ್ಣ ಇಳಿಜಾರು

ಬೀದರಿನ ಇಬ್ಬರು ಮೊದಲ ಹಂತಕ್ಕೆ ಹೋದರು. ಹೊಸಬರಿಬ್ಬರಿಗೆ ಬಯಲಿನ ಇಳಿಜಾರಿನಲ್ಲಿ ಒಬ್ಬ ಶಿಕ್ಷಕ. ಗುಲ್ಮಾರ್ಗದಲ್ಲಿ ಸ್ಕೀ ಕಲಿಸುವ ಪರಂಪರೆ ಹಳೆಯದು: 1927ರಲ್ಲೇ ಬ್ರಿಟಿಷರು ಇಲ್ಲಿ ಸ್ಕೀ ಕ್ಲಬ್ ಕಟ್ಟಿದ್ದರು, 1968ರಿಂದ ಕೇಂದ್ರ ಸರಕಾರದ ಸ್ಕೀಯಿಂಗ್ ಮತ್ತು ಪರ್ವತಾರೋಹಣ ಸಂಸ್ಥೆ ಇಲ್ಲಿದೆ. ಪೂರ್ತಿ ಕಲಿಯುವ ಮನಸ್ಸಿರುವ ಹುಡುಗರು ಇಂಥ ಸಂಸ್ಥೆಯ ಕೋರ್ಸಿಗೇ ಸೇರುವುದು ಒಳ್ಳೆಯದು. ನಾಲ್ಕೈದು ದಿನಕ್ಕೆ ಬಂದವರು ಒಬ್ಬ ಶಿಕ್ಷಕನಿಗೆ ಇಬ್ಬರಿಗಿಂತ ಹೆಚ್ಚಾಗದಂತೆ ನೋಡಿಕೊಳ್ಳಬೇಕು.

ಬೂಟನ್ನು ಬೈಂಡಿಂಗಿಗೆ, ಅಂದರೆ ಹಲಗೆಯ ಮೇಲಿನ ಹಿಡಿತದ ಕೊಂಡಿಗೆ, ಸಿಕ್ಕಿಸುವುದೇ ಮೊದಲ ಪಾಠ. ಬೂಟಿನ ತಳಕ್ಕೆ ಹಿಮ ಉಂಡೆಯಾಗಿ ಕಚ್ಚಿರುತ್ತದೆ. ಕೋಲಿನಿಂದ ಕೆರೆದು ತೆಗೆಯದೆ ಒತ್ತಿದರೆ ಟಕ್ ಎಂಬ ಸದ್ದೇನೋ ಬರುತ್ತದೆ, ಅರ್ಧವಷ್ಟೇ ಕಚ್ಚಿರುತ್ತದೆ. ಮೊದಲು ಬೆರಳಿನ ಕಡೆ ಒಳಗೆ, ಆಮೇಲೆ ಹಿಮ್ಮಡಿ ಒತ್ತು. ಇಳಿಜಾರಿನಲ್ಲಾದರೆ ಕೆಳಬದಿಯ ಹಲಗೆ ಮೊದಲು. ಕೋಲಿನ ಪಟ್ಟಿಯೊಳಗೆ ಕೈ ತೂರಿಸಬೇಡಿ ಎಂದ ಶಿಕ್ಷಕ. ಬಿದ್ದಾಗ ಕೋಲು ಕೈಬಿಟ್ಟು ಹೋಗಬೇಕು, ಇಲ್ಲದಿದ್ದರೆ ಹೆಬ್ಬೆರಳು ತಿರುಚುತ್ತದೆ.

ಕೈ ಮುಗಿದು ಬೆರಳ ತುದಿ ಕೂಡಿಸಿ ಮಣಿಕಟ್ಟು ಅಗಲಿಸಿದರೆ ಹೇಗೋ ಹಾಗೆ ಹಲಗೆಗಳ ಮುಂದಿನ ತುದಿ ಹತ್ತಿರ, ಹಿಂದಿನ ತುದಿ ದೂರ. ಅಗಲಿಸಿದಷ್ಟೂ ವೇಗ ಇಳಿಯುತ್ತದೆ. ಎಡಗಾಲಿಗೆ ಭಾರ ಹಾಕಿದರೆ ಬಲಕ್ಕೆ ತಿರುವು, ಬಲಗಾಲಿಗೆ ಹಾಕಿದರೆ ಎಡಕ್ಕೆ. ಕೆಡುವುದು ಒಂದೇ ಕಡೆ: ಹೆದರಿದಾಗ ಮೈ ತಾನಾಗಿ ಹಿಂದಕ್ಕೆ ವಾಲುತ್ತದೆ. ಹಿಂದೆ ವಾಲಿದರೆ ಹಲಗೆಯ ಮುಂಭಾಗ ಹಗುರಾಗಿ ತಿರುಗುವುದೇ ಇಲ್ಲ, ವೇಗ ಏರುತ್ತದೆ, ಹೆದರಿಕೆ ಇನ್ನೂ ಹೆಚ್ಚುತ್ತದೆ. ಮೊಣಕಾಲ ಕೆಳಗಿನ ಎಲುಬು ಬೂಟಿನ ನಾಲಿಗೆಯನ್ನು ಸದಾ ಒತ್ತಿಕೊಂಡಿರಬೇಕು. ಶಿಕ್ಷಕ ಹತ್ತು ರೂಪಾಯಿ ನೋಟು ಮಡಚಿ ಆ ಸಂದಿಯಲ್ಲಿಟ್ಟು "ಬೀಳಿಸದೆ ಕೆಳಗೆ ಬಂದರೆ ನಿಮ್ಮದೇ" ಎಂದ. ತಮ್ಮನ ಹೆಂಡತಿ ಮೂರನೇ ಸಲಕ್ಕೆ ತಂದಳು.

ಬಿದ್ದರೆ ಎರಡೂ ಹಲಗೆ ಮೈಗಿಂತ ಕೆಳಗೆ, ಇಳಿಜಾರಿಗೆ ಅಡ್ಡ ಬರುವಂತೆ ತಿರುಗಿಸಿಕೊಂಡೇ ಏಳಬೇಕು. ಮೇಲಕ್ಕೆಳೆಯುವ ಹಗ್ಗದ ಲಿಫ್ಟಿನಲ್ಲಿ ಕೂರುವಂತಿಲ್ಲ. ಅದು ಎಳೆಯುತ್ತದೆ, ಹೊರುವುದಿಲ್ಲ. ಕೂರಲು ಹೋದವರೆಲ್ಲ ಬಿದ್ದರು.

ಮಧ್ಯಾಹ್ನಕ್ಕೆ ತಮ್ಮನ ಹೆಬ್ಬೆರಳ ಉಗುರು ಕಪ್ಪಾಗಿತ್ತು. "ಅಣ್ಣಾ, ಕಾಲು ಒಳಗ ಜಾರ್ಲಾಕತ್ಯಾದ ನೋಡ್ರಿ" ಎಂದ. ಒಂದೇ ಚೀಲ ಹಾಕಿಸಿ ಬೂಟನ್ನು 26.5ಕ್ಕೆ ಬದಲಿಸಿದ್ದಾಯಿತು. ತಪ್ಪಾದದ್ದು ಅಲ್ಲೇ. ಬೂಟು ಬದಲಾದರೆ ಬೈಂಡಿಂಗೂ ಬದಲಾಗಬೇಕು. ಬೂಟಿನ ಹಿಮ್ಮಡಿ ಬದಿಗೆ ಮಿಲಿಮೀಟರಿನಲ್ಲಿ ತಳದ ಉದ್ದ ಅಚ್ಚಾಗಿರುತ್ತದೆ. ಮೊದಲಿನದಕ್ಕೆ 315, ಇದಕ್ಕೆ 305. ಅಂಗಡಿಯ ಹುಡುಗ ಗದ್ದಲದಲ್ಲಿ ಬೂಟು ಕೊಟ್ಟ, ಬೈಂಡಿಂಗಿನ ಹಿಮ್ಮಡಿ ತುಂಡನ್ನು ಮುಂದಕ್ಕೆ ಸರಿಸಲಿಲ್ಲ. ಒತ್ತಿದಾಗ ಕಚ್ಚಿತು, ಎರಡನೇ ತಿರುವಿನಲ್ಲಿ ಹಲಗೆ ಕಳಚಿ ಹೋಯಿತು, ತಮ್ಮ ಭುಜದ ಮೇಲೆ ಬಿದ್ದ. ಪುಣ್ಯಕ್ಕೆ ಮೆತ್ತನೆ ಹಿಮ. ಹಿಮ್ಮಡಿ ತುಂಡು ಸರಿಸಿದ ಮೇಲೆ, ಬಿಡುಗಡೆಯ ಬಿಗಿಯನ್ನು ತೋರಿಸುವ ಡಿನ್ ಅಂಕಿಯನ್ನೂ ತೂಕ, ಎತ್ತರ, ವಯಸ್ಸು, ತಳದ ಉದ್ದ, ಅನುಭವ ಐದನ್ನೂ ಹೇಳಿ ಇಡಿಸಬೇಕು. ಎಪ್ಪತ್ತು ಕಿಲೋದ ಹೊಸಬನಿಗೆ ಅದು ನಾಲ್ಕೈದರ ಆಸುಪಾಸಿರುತ್ತದೆ. ಕಡಿಮೆಯಾದರೆ ಸುಮ್ಮನೆ ಕಳಚುತ್ತದೆ; ಹೆಚ್ಚಾದರೆ ಬಿದ್ದಾಗ ಕಳಚದೆ ಮೊಣಕಾಲಿನ ಎಲುಬುಗಳನ್ನು ಹಿಡಿದಿಡುವ ಲಿಗಮೆಂಟ್ ಹರಿಯಬಹುದು. ಅಂಕಿಯನ್ನು ನೀವೇ ತಿರುಗಿಸಬೇಡಿ, ಆದರೆ ತಿರುಗಿಸುವವನ ಎದುರು ನಿಂತು ಓದಿ.

ನಾಲ್ಕನೇ ದಿನ: ಹಿಮಪಾತ

ರಾತ್ರಿಯೇ ಶುರುವಾಗಿ ಇಡೀ ದಿನ ಸುರಿಯಿತು. ಸಂಜೆಗೆ ಕಿಟಕಿಯ ಕಟ್ಟೆ ಮುಚ್ಚಿತ್ತು. ಗೊಂಡೋಲಾ ಬಂದ್. ಖಾಲಿ ಬಿಟ್ಟ ದಿನ ಇದೇ ಆಯಿತು.

ಕೋಣೆಯಲ್ಲಿ ಬುಖಾರಿ ಎಂಬ ಕಟ್ಟಿಗೆಯ ಒಲೆ ಉರಿಯುತ್ತಿತ್ತು. ಇದರ ಬಗ್ಗೆ ಗಟ್ಟಿಯಾಗಿ ಹೇಳಲೇಬೇಕು: ಬುಖಾರಿ, ಗ್ಯಾಸ್ ಹೀಟರ್, ಕಾಂಗ್ಡಿ ಯಾವುದಿದ್ದರೂ ಕಿಟಕಿ ನಾಲ್ಕು ಬೆರಳು ತೆರೆದಿರಲಿ, ಮಲಗುವ ಮೊದಲು ಆರಿಸಿ. ಮುಚ್ಚಿದ ಕೋಣೆಯ ಇಂಗಾಲದ ಮಾನಾಕ್ಸೈಡಿಗೆ ವಾಸನೆಯೇ ಇಲ್ಲ, ನಿದ್ದೆಯಲ್ಲೇ ಜೀವ ಹೋಗುತ್ತದೆ. ರಾತ್ರಿಗೆ ದಪ್ಪ ರಜಾಯಿ ಸಾಕು.

ಬೆಳಗ್ಗೆ ನಲ್ಲಿಯಲ್ಲಿ ನೀರು ಹೆಪ್ಪುಗಟ್ಟಿತ್ತು. ಅಡಿಗೆಮನೆಯ ಹಿರಿಯ ಬಕೆಟ್ಟಿನಲ್ಲಿ ಬಿಸಿನೀರು ಕೊಟ್ಟು, ರಾತ್ರಿ ನಲ್ಲಿಯನ್ನು ಹನಿ ಹನಿ ಬಿಟ್ಟಿರಿ, ಹರಿಯುವ ನೀರು ಬೇಗ ಗಟ್ಟಿಯಾಗದು ಎಂದ. ಗುಲಾಬಿ ಬಣ್ಣದ ನೂನ್ ಚಾಯ್, ತಂದೂರಿನಿಂದ ಬಂದ ಗಿರ್ದಾ ರೊಟ್ಟಿ ಇಟ್ಟ. ಉಪ್ಪು ಹಾಕಿದ ಚಹಾ ಅತ್ತೆಗೆ ಹಿಡಿಸಲಿಲ್ಲ. ಆದರೆ ಮಧ್ಯಾಹ್ನದ ಹಾಕ್ ಸೊಪ್ಪು, ನದ್ರು ಎಂಬ ತಾವರೆ ದಂಟಿನ ಮೊಸರು ಸಾರು ಎರಡನ್ನೂ ಕೇಳಿ ಹಾಕಿಸಿಕೊಂಡರು. ಶಾಖಾಹಾರಿಗಳು ಇಲ್ಲಿ ಉಪವಾಸ ಬೀಳುವುದಿಲ್ಲ, ರಾಜ್ಮಾ–ಅನ್ನ ಎಲ್ಲ ಕಡೆ ಇದೆ. ಅಡಿಗೆಯವನಿಗೆ ಅತ್ತೆ ಶೇಂಗಾ ಹಿಂಡಿ ಕೊಟ್ಟರು. ಅವನು ಗಿರ್ದಾಕ್ಕೆ ಬೆಣ್ಣೆ ಸವರಿ ಮೇಲೆ ಹಿಂಡಿ ಉದುರಿಸಿ ತಿಂದ.

ಐದನೇ ದಿನ: ಕೊಂಗ್‌ಡೋರಿ

ಬೆಳಗ್ಗೆ ಆಕಾಶ ಶುಭ್ರ. ಹೊಸ ಹಿಮ ಸಾಣಿಗೆ ಹಿಡಿದ ಜೋಳದ ಹಿಟ್ಟಿನಂತೆ, ಮುಷ್ಟಿ ಕಟ್ಟಿದರೂ ಉಂಡೆಯಾಗುತ್ತಿರಲಿಲ್ಲ. ಇಂಥ ಬೆಳಕಿನಲ್ಲಿ ಚರ್ಮ ಜೋಪಾನ. ಹೊಸ ಹಿಮ ನೇರಳಾತೀತ ಕಿರಣದ ನೂರಕ್ಕೆ ಎಂಬತ್ತು ಪಾಲು ತಿರುಗಿ ಎರಚುತ್ತದೆ. ಬಿಸಿಲೂರಿನ ಮುಖಗಳೂ ಒಂದೇ ದಿನದಲ್ಲಿ ಸುಲಿಯುತ್ತವೆ. ಕ್ರೀಮನ್ನು ಗದ್ದದ ಕೆಳಗೆ, ಮೂಗಿನ ಹೊಳ್ಳೆಯ ಅಡಿಗೂ ಹಚ್ಚಬೇಕು.

ಟಿಕೆಟ್ಟನ್ನು ಊರಿನಿಂದಲೇ ಆನ್‌ಲೈನಿನಲ್ಲಿ ತೆಗೆದಿತ್ತು. ಮೊದಲ ಹಂತ ಹತ್ತರ ಹೊತ್ತಿಗೆ ತೆರೆಯಿತು, ಎರಡನೆಯದು ತೆರೆಯಲಿಲ್ಲ. ಬೀದರಿನವರು ಚಡಪಡಿಸಿದರು; ಇಳಿಜಾರು ಕಾಯುವ ಗಸ್ತಿನವನೊಬ್ಬ ಅವರಿಗೆ ಸಮಾಧಾನದಿಂದ ವಿವರಿಸಿದ. ಅಫರ್ವತ್‌ನ ಇಳಿಜಾರು ಬಹುಪಾಲು ರೋಲರ್ ಹಾಯಿಸದ ಕಾಡು ಹಿಮ. ಹಳೆಯ ಪದರದ ಮೇಲೆ ಸಕ್ಕರೆ ಹರಳಿನಂಥ ಸಡಿಲ ಹಿಮ ಇದ್ದು, ಅದರ ಮೇಲೆ ಹೊಸದು ಚಪ್ಪಡಿಯಾಗಿ ಕೂತರೆ ಒಬ್ಬನ ಭಾರಕ್ಕೇ ಇಡೀ ಗುಡ್ಡ ಜಾರಬಹುದು. ನಮ್ಮ ಕಡೆಯ ಮಾತಿನಲ್ಲಿ ಹೇಳಬೇಕೆಂದರೆ ವಾರೆ ನೆಲಕ್ಕೆ ಜೋಳದ ಕಾಳು ಹರವಿ ಮೇಲೆ ಶಹಾಬಾದ್ ಕಲ್ಲು ಇಟ್ಟ ಹಾಗೆ. 30ರಿಂದ 45 ಡಿಗ್ರಿ ಇಳಿಜಾರಿನಲ್ಲೇ ಇದು ಹೆಚ್ಚು. ದೊಡ್ಡ ಹಿಮಪಾತದ ನಂತರದ ಒಂದೆರಡು ದಿನ ಎಲ್ಲಕ್ಕಿಂತ ಕೆಟ್ಟವು. 2023ರ ಫೆಬ್ರವರಿಯಲ್ಲಿ ಅಫರ್ವತ್‌ನ ಹಪತ್‌ಖುಡ್‌ನಲ್ಲಿ ಪೋಲೆಂಡಿನ ಇಬ್ಬರು ಹಿಮದಡಿ ಸತ್ತರು. ಗಸ್ತಿನವರು ದಾರಿ ಮುಚ್ಚಲು ಕಟ್ಟಿದ ಹಗ್ಗವನ್ನು ದಾಟುವ ಮಾತು ಆಡಲೇಬಾರದು.

ಆ ದಿನ ಇಬ್ಬರೂ ಮೊದಲ ಹಂತದ ಇಳಿಜಾರಿನಲ್ಲೇ ಮರಗಳ ನಡುವೆ ನಾಲ್ಕು ಸಲ ಇಳಿದರು. ತಮ್ಮನ ಹೆಂಡತಿ ಶಿಕ್ಷಕನ ಜೊತೆ ಕೊಂಗ್‌ಡೋರಿ ಬಟ್ಟಲಿನ ಸಪಾಟು ಬದಿಯಲ್ಲಿ ತಿರುವು ಹಾಕಿದಳು. ತಮ್ಮ ಭುಜದ ನೋವಿಗೆ ಬಯಲಿನ ಇಳಿಜಾರಿನಲ್ಲೇ ಉಳಿದು ಊಟಕ್ಕೆ ಮೇಲೆ ಬಂದ. ಮಾವನ ರಕ್ತದೊತ್ತಡಕ್ಕೆ ವೈದ್ಯರು ಮೊದಲೇ ಮೊದಲ ಹಂತದವರೆಗೆ ಸಾಕೆಂದಿದ್ದರು. ಅವರು ಬಿಸಿಲಿಗೆ ಬೆನ್ನು ಕೊಟ್ಟು ಬೆಂಚಿನ ಮೇಲೆ ಕೂತರು. "ನಮಗ ಇಷ್ಟ ಸಾಕಾಗ್ಯಾದ, ನೀವು ಆಡ್ರಿ" ಎಂದು ಎಲ್ಲರನ್ನೂ ಕಳಿಸಿ, ಸ್ಲೆಡ್ಜ್ ಎಳೆಯುವ ಹುಡುಗನ ಜೊತೆ ಬೆಳೆಯ ಮಾತಿಗೆ ಕೂತರು. ಅವನ ಮನೆಯದು ಸೇಬು, ಇವರದು ತೊಗರಿ. ಒಂದು ಗಂಟೆಗೆ ಆರೂ ಮಂದಿ ಒಂದೇ ಮೇಜಿನಲ್ಲಿ ರಾಜ್ಮಾ–ಅನ್ನ, ಪಕ್ಕದಲ್ಲಿ ಕಟಕ ರೊಟ್ಟಿ. ಸ್ಲೆಡ್ಜಿನ ದರವನ್ನು ಕೂರುವ ಮೊದಲೇ, ಎಲ್ಲಿಂದ ಎಲ್ಲಿಗೆ ಎಂಬುದರೊಂದಿಗೆ ಮಾತಾಡಿಕೊಂಡರೆ ಇಳಿದ ಮೇಲೆ ತಕರಾರು ಇರುವುದಿಲ್ಲ.

ಆರನೇ ದಿನ: ಅಫರ್ವತ್

ಗಾಳಿ ಇಲ್ಲದ ಬೆಳಗು, ಎರಡನೇ ಹಂತ ತೆರೆಯಿತು. ಬೀದರಿನವರು ಸ್ಥಳೀಯ ಗೈಡಿನ ಜೊತೆ ಹೋದರು. ಮೂವರ ಎದೆಗೂ, ಹಿಮದಡಿ ಹೂತವರ ಜಾಗ ತಿಳಿಸಲು ಸಂಕೇತ ಕಳಿಸುವ, 457 ಕಿಲೋಹರ್ಟ್ಸ್‌ನ ಬೀಕನ್, ಬೆನ್ನಿಗೆ ಹಿಮ ತಿವಿದು ಹುಡುಕಲು ಮಡಚುವ ಉದ್ದ ಕೋಲು ಮತ್ತು ಸಲಿಕೆ. ಬೀಕನ್ ಕಟ್ಟಿಕೊಂಡರೆ ಸಾಲದು. ಏರುವ ಮೊದಲು ಗೈಡ್ ಒಂದು ಬೀಕನ್ನನ್ನು ಹಿಮದಲ್ಲಿ ಹೂತು ಇಬ್ಬರಿಂದಲೂ ಹುಡುಕಿಸಿದ. ಹೂತುಹೋದವನು ಬದುಕುವ ಸಾಧ್ಯತೆ ಹದಿನೈದು ನಿಮಿಷದ ನಂತರ ಭರ್ರನೆ ಇಳಿಯುವುದರಿಂದ ಹೊರಗಿನ ಸಹಾಯಕ್ಕೆ ಕಾಯುವಂತಿಲ್ಲ, ಜೊತೆಯವರೇ ಅಗೆಯಬೇಕು. ಇಳಿಯುವಾಗ ಒಬ್ಬೊಬ್ಬರೇ. ಒಬ್ಬ ಸುರಕ್ಷಿತ ಜಾಗ ಮುಟ್ಟುವ ತನಕ ಉಳಿದವರ ಕಣ್ಣು ಅವನ ಮೇಲೆ.

ಮೇಲೆ ಚಳಿಗೆ ಫೋನಿನ ಬ್ಯಾಟರಿ ನಲವತ್ತರಿಂದ ನೇರ ಸೊನ್ನೆಗೆ ಬಿತ್ತು. ಒಳಜೇಬಿನಲ್ಲಿ ಮೈಗೆ ಹತ್ತಿರ ಇಟ್ಟಿದ್ದರೆ ನಡೆಯುತ್ತಿತ್ತು. ಬೆಚ್ಚಗಾದ ಮೇಲೆ ಚಾರ್ಜು ಮತ್ತೆ ತೋರಿಸಿತು. ಗಾಳಿ ಬಡಿದ ಕಡೆ ಹಿಮದ ಮೇಲ್ಪದರ ಕಟಕ ರೊಟ್ಟಿಯ ಹಾಗೆ ಚಟಚಟನೆ ಒಡೆಯುತ್ತಿತ್ತಂತೆ, ಅಂಚು ಸಿಕ್ಕಿ ಒಬ್ಬರು ಮುಗ್ಗರಿಸಿದರು. ಅಂಥ ಹಿಮದಲ್ಲಿ ಎರಡೂ ಕಾಲಿಗೆ ಸಮ ಭಾರ ಕೊಟ್ಟು ಅಗಲ ತಿರುವು ಹಾಕುವುದೇ ದಾರಿ.

ಅದೇ ಮಧ್ಯಾಹ್ನ ತಮ್ಮನ ಹೆಂಡತಿ ಶಿಕ್ಷಕನ ಹಿಂದೆ ಕೊಂಗ್‌ಡೋರಿಯಿಂದ ಬಯಲಿನವರೆಗೆ, ಸುಮಾರು 400 ಮೀಟರಿನ ಇಳಿತವನ್ನು ಒಂದೂವರೆ ಗಂಟೆಯಲ್ಲಿ ಇಳಿದಳು. ನಡುವೆ ಹನ್ನೊಂದು ಸಲ ನಿಂತಳು, ಬಿದ್ದದ್ದು ಎರಡೇ ಸಲ. ಮೂರು ಗಂಟೆಯ ನಂತರ ಹೊಸ ಇಳಿತ ಶುರು ಮಾಡಬೇಡಿ: ನೆರಳು ಬಿದ್ದು ಹಿಮ ಗಟ್ಟಿಯಾಗುತ್ತದೆ, ತೊಡೆ ದಣಿದಿರುತ್ತದೆ.

ಏಳನೇ ದಿನ: ಇಳಿಕೆ

ಸಾಮಾನು ಹಿಂದಿನ ಸಂಜೆಯೇ ಒಪ್ಪಿಸಿತ್ತು. ಹಲಗೆಯ ಗೀರುಗಳನ್ನು ತೆಗೆದುಕೊಳ್ಳುವ ದಿನವೇ ಫೋಟೋ ಹಿಡಿದಿದ್ದರಿಂದ ಮಾತು ಬೆಳೆಯಲಿಲ್ಲ. ಬೆಳಗ್ಗೆ ಏಳಕ್ಕೆ ಅದೇ ಚಾಲಕ ಬಂದ. ಇಳಿಜಾರಿನಲ್ಲಿ ಬ್ರೇಕು ಮುಟ್ಟದೆ ಮೊದಲ ಗೇರಿನಲ್ಲೇ ಗಾಡಿ ಬಿಟ್ಟ. ಮಂಜುಗಡ್ಡೆಯ ಮೇಲೆ ಬ್ರೇಕು ಹಾಕಿದರೆ ಚಕ್ರ ನಿಲ್ಲುತ್ತದೆ, ಗಾಡಿ ನಿಲ್ಲುವುದಿಲ್ಲ. ತಂಗ್‌ಮಾರ್ಗ್‌ನಲ್ಲಿ ಚೈನು ಬಿಚ್ಚಿ, ಬರಿ ರಸ್ತೆಯಲ್ಲಿ ಓಡಿಸಿದರೆ ಕಣ್ಣಿ ಸವೆಯುತ್ತದೆ ಎಂದು ಗೋಣಿಚೀಲಕ್ಕೆ ಹಾಕಿದ. ಡಬ್ಬಿಯ ತಳದಲ್ಲಿ ನಾಲ್ಕು ಸಜ್ಜಿ ರೊಟ್ಟಿ ಉಳಿದಿದ್ದವು. ಅತ್ತೆ ಅವನ ಕೈಗಿಟ್ಟರು.

"ಎಷ್ಟು ದಿನ ಇರುತ್ತೆ ಅಮ್ಮೀ?"

"ತಿಂಗಳ ಇರ್ತದಪ್ಪಾ, ನೀರು ತಾಗಿಸಬ್ಯಾಡ."

ಒಂದು ಮುರಿದು ಬಾಯಿಗೆ ಹಾಕಿಕೊಂಡು ಎಳ್ಳು ಅಗಿದ. ಉಳಿದ ಮೂರನ್ನು ಕಾಗದದಲ್ಲಿ ಸುತ್ತಿ, ಖ್ವಾಜಾರ ಊರಿನದು, ಮನೆಯಲ್ಲಿ ತಾಯಿಗೆ ಎಂದು ಗಾಜಿನ ಮುಂದೆ ಬಿಸಿಗಾಳಿ ಬರುವ ಕಡೆ ಇಟ್ಟುಕೊಂಡ.